ಕೆಲಸ ಹೋದ ಮೇಲೆ ಕೈಗೆ ಏನು ಬರುತ್ತದೆ?

ಪ್ರಶ್ನೆ: ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಆರು ವರ್ಷದಿಂದ ಮೋಲ್ಡಿಂಗ್ ಕೆಲಸ. ಪಗಾರ ತಿಂಗಳಿಗೆ 15,000 ರೂ., ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತಿತ್ತು. ಆರ್ಡರ್ ಇಲ್ಲವೆಂದು ಕೆಲವರನ್ನು ಬಿಡಿಸುತ್ತಿದ್ದಾರೆ. ‘ರಾಜೀನಾಮೆ ಬರೆದುಕೊಡ್ರಿ, ಲೆಕ್ಕ ಬೇಗ ಚುಕ್ತಾ ಮಾಡ್ತೀವಿ’ ಅನ್ನುತ್ತಾರೆ. ಬರೆದುಕೊಟ್ಟರೆ ನಡೆಯುತ್ತದೆಯೇ?
– ಓದುಗರು, ಬೆಳಗಾವಿ

ಉತ್ತರ: ಬರೆದುಕೊಡಬೇಡಿ. ನೀವು ಯಾವ ಕಾಗದ ಹಿಡಿದು ಗೇಟು ದಾಟುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ರಾಜೀನಾಮೆ ಕೊಟ್ಟವರಿಗೆ ರಿಟ್ರೆಂಚ್‌ಮೆಂಟ್ (ಹೆಚ್ಚುವರಿಯೆಂದು ಮಾಲೀಕರೇ ಕೆಲಸದಿಂದ ಬಿಡಿಸುವುದು) ಪರಿಹಾರ, ಅಂದರೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ, ಕೇಳುವ ಹಕ್ಕು ಉಳಿಯುವುದಿಲ್ಲ.

ಇಎಸ್‌ಐ ನಿಗಮದಲ್ಲಿ ಎರಡು ದಾರಿಗಳಿವೆ. 2005ರ ಏಪ್ರಿಲ್‌ನಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ರಿಟ್ರೆಂಚ್‌ಮೆಂಟ್ ಆದವರಿಗೆ, ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವರಿಗೆ ಇದೆ. ಎರಡು ವರ್ಷದ ವಂತಿಗೆ ಇದ್ದರೆ ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಶೇ 50, ನಂತರದ 12 ತಿಂಗಳು ಶೇ 25. ಜೊತೆಗೆ ನಿಮಗೂ ಮನೆಯವರಿಗೂ ಇಎಸ್‌ಐ ಚಿಕಿತ್ಸೆ. ಇದಕ್ಕೆ ರಿಟ್ರೆಂಚ್‌ಮೆಂಟ್ ಪತ್ರ ಬೇಕೇ ಬೇಕು.

ಎರಡನೆಯದು 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಜೀವಮಾನದಲ್ಲಿ ಒಟ್ಟು 90 ದಿನ ಮಾತ್ರ, ಶೇ 50. ಕೆಲಸ ಹೋಗಿ 30 ದಿನ ಕಳೆದ ಮೇಲೆ ಇಎಸ್‌ಐ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬೇಕು. ಇದನ್ನು ಅವಧಿ ವಿಸ್ತರಿಸುತ್ತಲೇ ನಡೆಸಿಕೊಂಡು ಬಂದಿದ್ದಾರೆ, ಆದ್ದರಿಂದ ಈಗ ಜಾರಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಮೊದಲು ಕೇಳಿ. ದುರ್ನಡತೆಗಾಗಿ ವಜಾ ಆದವರಿಗೆ, ವಯೋನಿವೃತ್ತಿ ಅಥವಾ ಸ್ವಯಂನಿವೃತ್ತಿ ಪಡೆದವರಿಗೆ ಇದು ಇಲ್ಲ.

ಈ ಎರಡನೆಯ ಯೋಜನೆಯ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ವಂತಿಗೆ ಅವಧಿ ಎಂದರೆ ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್. ಹಿಂದಿನ ನಾಲ್ಕು ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ನಿಮ್ಮದು 24 ತಿಂಗಳಿಗೆ 3,60,000 ರೂ.; ದಿನಕ್ಕೆ 493.15 ಆಯಿತು, ಅದರ ಅರ್ಧ 246.58. 90 ದಿನಕ್ಕೆ ಸುಮಾರು 22,190 ರೂ. ನೀವು ಗೈರಾದ ದಿನಗಳೂ ಆ 730ರಲ್ಲಿ ಸೇರಿರುವುದರಿಂದ ರಜೆ ಹೆಚ್ಚಾದಷ್ಟೂ ಮೊತ್ತ ಇಳಿಯುತ್ತದೆ.

ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಮಾಲೀಕರ ತಿಂಗಳ ವಂತಿಗೆ ನಮೂದಿನಲ್ಲಿ. ಶೂನ್ಯ ದಿನ ತೋರಿಸುವಾಗ ಅವರು ಕಾರಣವನ್ನೂ ಆರಿಸಬೇಕು: ‘ರಿಟ್ರೆಂಚ್‌ಮೆಂಟ್’, ‘ಲೆಫ್ಟ್ ಸರ್ವಿಸ್’, ‘ನೋ ವರ್ಕ್’ ಹೀಗೆ. ಕಾರಕೂನ ಕೈಗೆ ಬಂದದ್ದನ್ನು ಒತ್ತಿಬಿಟ್ಟರೆ ನಿಮ್ಮ ಕಾಗದ ಒಂದು ಹೇಳುತ್ತದೆ, ದಾಖಲೆ ಇನ್ನೊಂದು ಹೇಳುತ್ತದೆ. ಹೋಗುವ ದಿನವೇ ಅದನ್ನು ಕೇಳಿ ನೋಡಿಕೊಳ್ಳಿ. ಆಧಾರ್, ಬ್ಯಾಂಕ್ ಖಾತೆ, ಇಎಸ್‌ಐ ದಾಖಲೆ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ.

ಪ್ರಶ್ನೆ: ಮುಧೋಳ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸ. ಹಂಗಾಮು ಮುಗಿದ ತಿಂಗಳುಗಳಿಗೆ ಇಎಸ್‌ಐನ ನಿರುದ್ಯೋಗ ಭತ್ಯೆ ಬರುತ್ತದೆಯೇ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಬರುವುದಿಲ್ಲ. ಸಕ್ಕರೆ ತಯಾರಿಕೆಯನ್ನಷ್ಟೇ ಮಾಡುವ ಕಾರ್ಖಾನೆ ಕಾನೂನಿನ ಪ್ರಕಾರ ‘ಹಂಗಾಮಿ ಕಾರ್ಖಾನೆ’. ಅದಕ್ಕೆ ಇಎಸ್‌ಐ ಅನ್ವಯಿಸದು. ಪಗಾರ ಚೀಟಿ ತೆಗೆದು ನೋಡಿ. ಇಎಸ್‌ಐ ಎಂದು ಶೇ 0.75 ಕಡಿತ ಇದ್ದರೆ ಮಾತ್ರ ಮುಂದಿನ ಮಾತು.

ಪ್ರಶ್ನೆ: ಬಿ.ಎ. ಮುಗಿಸಿದ ಮಗಳಿಗೆ ಯುವನಿಧಿ ಮಂಜೂರಾಗಿದೆ, ಹಣ ಬಂದಿಲ್ಲ. ಎಂ.ಎ.ಗೆ ಸೇರಿದರೆ ತೊಂದರೆಯೇ? ಉದ್ಯೋಗ ವಿನಿಮಯ ಕಚೇರಿಯಲ್ಲೂ ನೋಂದಾಯಿಸಬೇಕೇ?
– ಓದುಗರು, ವಿಜಯಪುರ

ಉತ್ತರ: ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಎಂದೋ ತೆರೆದು ಮರೆತ ಖಾತೆಗೆ ಜೋಡಣೆಯಾಗಿದ್ದರೆ ಅಲ್ಲಿ ಸೇರಿರಬಹುದು. ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಸೇರುವ ಆಧಾರ್ ಜೋಡಣೆ) ಯಾವ ಖಾತೆಗಿದೆ’ ಎಂದೇ ಕೇಳಿ. ಬರೀ ‘ಆಧಾರ್ ಲಿಂಕ್ ಆಗಿದೆಯಾ’ ಅಂದರೆ ಆಗಿದೆ ಎಂದು ಕಳಿಸುತ್ತಾರೆ. ‘ಇನ್ನೂ ನಿರುದ್ಯೋಗಿ’ ಎಂಬ ಸ್ವಯಂ ಘೋಷಣೆಯನ್ನು ಸೇವಾ ಸಿಂಧುವಿನಲ್ಲಿ ಬಿಟ್ಟಿದ್ದರೂ ಹಣ ನಿಲ್ಲುತ್ತದೆ. ತಿಂಗಳಿಗೆ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂ., ಗರಿಷ್ಠ ಎರಡು ವರ್ಷ. ಎಂ.ಎ.ಗೆ ಸೇರಿದರೆ ಅರ್ಹತೆ ಹೋಗುತ್ತದೆ. ಮುಚ್ಚಿಟ್ಟು ಪಡೆದರೆ ದಂಡವೂ ಇದೆ.

ಉದ್ಯೋಗ ವಿನಿಮಯ ಕಚೇರಿಯ ನೋಂದಣಿಗೂ ಭತ್ಯೆಗೂ ಸಂಬಂಧವಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1959ರ ಕಾಯ್ದೆ 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆ ಖಾಲಿ ಹುದ್ದೆ ತಿಳಿಸಬೇಕು ಎನ್ನುತ್ತಿತ್ತು, ಆ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು ಎನ್ನುತ್ತಿರಲಿಲ್ಲ. ಆದರೂ ನೋಂದಾಯಿಸಲಿ, ಕಾರ್ಡಿನ ಮೇಲಿನ ನವೀಕರಣದ ತಿಂಗಳು ತಪ್ಪಿಸದಿರಲಿ; ತಪ್ಪಿದರೆ ಹಿರಿತನ ಹೋಗುತ್ತದೆ.