ಪಿಯುಸಿ ಆದಮೇಲೆ ಬಿ.ಎಸ್ಸಿ. ಜಿಯಾಲಜಿಗೆ ಸೇರಬಹುದಾ? ಕಲ್ಲು ಓದಿದರೆ ಕೆಲಸ ಸಿಗುತ್ತದಾ?

ನೀವು ಕೇಳಿರುವುದು ಇಷ್ಟು: ಊರು ಚಿಂತಾಮಣಿ, ಮಗಳು ಪಿಸಿಎಂಬಿ ಮುಗಿಸಿದ್ದಾಳೆ, ಇಂಜಿನಿಯರಿಂಗ್ ಬೇಡ ಜಿಯಾಲಜಿಯೇ ಬೇಕು ಅಂತ ಹಠ ಹಿಡಿದಿದ್ದಾಳೆ. ಕಷ್ಟ ಎಲ್ಲಿ ಬರುತ್ತದೆ, ಕೆಲಸ ಏನು ಸಿಗುತ್ತದೆ, ಹೆಣ್ಣುಮಗಳಿಗೆ ಫೀಲ್ಡ್ ಆಗುತ್ತದಾ?

ಸೇರಿಸಿ. ಆದರೆ ಇದನ್ನು ಮೂರು ವರ್ಷದ ಓದು ಅಂದುಕೊಳ್ಳಬೇಡಿ, ಐದು ವರ್ಷದ್ದು ಅಂತಲೇ ಲೆಕ್ಕ ಹಾಕಿ. ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾಕ್ಕೆ (ಜಿಎಸ್‌ಐ) ಜಿಯಾಲಜಿಸ್ಟ್‌ಗಳನ್ನು ಆರಿಸುವುದು ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಅದಕ್ಕೆ ಎಂ.ಎಸ್ಸಿ. ಬೇಕು. ಬರೀ ಬಿ.ಎಸ್ಸಿ. ಇಟ್ಟುಕೊಂಡು ಹೊರಟರೆ ಸಿಗುವುದು ಕ್ವಾರಿಯಲ್ಲೋ ಡ್ರಿಲ್ಲಿಂಗ್ ಸೈಟಿನಲ್ಲೋ ಸಹಾಯಕರ ಕೆಲಸ. ಅದು ಕೀಳೆಂದಲ್ಲ, ಆದರೆ ಅಲ್ಲಿಂದ ಮೇಲೆ ಹತ್ತಲು ಮೆಟ್ಟಿಲು ಕಮ್ಮಿ.

ಫೀಲ್ಡ್ ವಿಚಾರ: ಭೂಮಿಯೊಳಗಿನ ಗಣಿಗೆ ಹೆಂಗಸರು ಇಳಿಯುವ ಹಾಗಿಲ್ಲ ಅಂತ ಇದ್ದ ನಿರ್ಬಂಧವನ್ನು ಕೇಂದ್ರ ಸರ್ಕಾರ 2019ರಲ್ಲಿ ಸಡಿಲಿಸಿತು. ತಾಂತ್ರಿಕ ಮತ್ತು ಮೇಲ್ವಿಚಾರಣೆ ಕೆಲಸಕ್ಕೆ, ಅವರ ಲಿಖಿತ ಒಪ್ಪಿಗೆ ಇದ್ದರೆ, ಈಗ ಇಳಿಯಬಹುದು. ಆ ಭಯ ಬಿಡಿ.

ಇನ್ನು ಜೊತೆ ವಿಷಯಗಳು. ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ, ಮೂರು ಮುಖ್ಯ ವಿಷಯ. ಜಿಯಾಲಜಿ ಜೊತೆಗೆ ಏನು ಸಿಗುತ್ತದೆ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಆಯ್ಕೆ ಇದ್ದರೆ ಗಣಿತವನ್ನಾಗಲಿ ಭೌತಶಾಸ್ತ್ರವನ್ನಾಗಲಿ ಬಿಡಬೇಡಿ. ಮುಂದೆ ಜಿಯೋಫಿಸಿಕ್ಸ್ (ಭೂಭೌತಶಾಸ್ತ್ರ) ಕಡೆ ಹೊರಳಬೇಕೆಂದರೆ ಅವೆರಡೂ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಐಐಟಿಗಳ ಎಂ.ಎಸ್ಸಿ.ಗೆ ಇರುವ ಜ್ಯಾಮ್ ಪರೀಕ್ಷೆಯಲ್ಲಿ ಜಿಯಾಲಜಿಗೆ ಬೇರೆ ಪತ್ರಿಕೆಯೇ ಇದೆ. ಎರಡನೇ ವರ್ಷದಿಂದಲೇ ಅದರ ಹಳೆಯ ಪ್ರಶ್ನೆಗಳನ್ನು ಬಿಡಿಸುತ್ತಾ ಬಂದರೆ ಡಿಗ್ರಿ ಪರೀಕ್ಷೆಗೂ ಅದೇ ತಯಾರಿ.

ಥಿಯರಿ ಓದಿ ಪಾಸಾಗುವುದು ದೊಡ್ಡದಲ್ಲ. ಹೆಚ್ಚಿನವರು ಎಡವುವುದು ಪ್ರಾಕ್ಟಿಕಲ್‌ನಲ್ಲಿ. ಮೊದಲ ವರ್ಷ ಟ್ರೇ ತುಂಬಾ ಖನಿಜ ಇಟ್ಟು ಗುರುತಿಸಿ ಅನ್ನುತ್ತಾರೆ. ಮಕ್ಕಳು ಬಣ್ಣ ನೋಡಿ ಹೆಸರು ಬರೆಯುತ್ತಾರೆ, ತಪ್ಪು ಅಲ್ಲೇ ಶುರು. ಬಿಳಿ ಗಡ್ಡೆ ಸಿಕ್ಕಿತು ಅನ್ನಿ. ಚಾಕುವಿನಿಂದ ಗೀರಿ. ಒಂದರಿಂದ ಹತ್ತರವರೆಗಿನ ಮೋಸ್ ಅಳತೆಯಲ್ಲಿ ಚಾಕುವಿನ ಕಾಠಿಣ್ಯ (ಗಟ್ಟಿತನ) ಸುಮಾರು 5.5. ಸಲೀಸಾಗಿ ಗೀರು ಬಿದ್ದು, ಆಸಿಡ್ ಹನಿಗೆ ನೊರೆ ಬಂದರೆ ಕ್ಯಾಲ್ಸೈಟ್. ಗೀರು ಬೀಳದಿದ್ದರೆ ಬೆಳಕಿಗೆ ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಇಡೀ ಮುಖ ಕನ್ನಡಿಯ ಹಾಗೆ ಮಿಂಚಿ ಆರಿದರೆ ಅದು ಸೀಳುಮುಖ (ಖನಿಜ ಸಮತಟ್ಟಾಗಿ ಸೀಳಿಕೊಂಡ ಮುಖ), ಹಾಗಾದರೆ ಆ ಗಡ್ಡೆ ಫೆಲ್ಡ್‌ಸ್ಪಾರ್. ಸೀಳೇ ಇಲ್ಲದೆ ಒಡೆದ ಬಾಟಲಿಯ ಚೂರಿನ ಹಾಗೆ ಬಾಗಿದ ಒಡಕು ಕಂಡರೆ ನಮ್ಮ ಬೆಣಚುಕಲ್ಲು, ಕ್ವಾರ್ಟ್ಜ್. ಗಾತ್ರಕ್ಕೆ ಮೀರಿ ಕೈ ಜಗ್ಗಿದರೆ ಬೇರೈಟ್ ಇರಬಹುದು. ಅದರ ಸಾಪೇಕ್ಷ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು) 4.5, ಕ್ವಾರ್ಟ್ಜ್‌ನದು 2.65.

ಸ್ಟ್ರೀಕ್ ಪ್ಲೇಟ್‌ನದು ಇನ್ನೊಂದು ಫಜೀತಿ. ಖನಿಜ ಉಜ್ಜಿ ಗೆರೆಯ ಬಣ್ಣ (ಸ್ಟ್ರೀಕ್) ನೋಡುವ ಪಿಂಗಾಣಿ ತುಂಡು ಅದು. ಹೆಮಟೈಟ್ ಕಪ್ಪಗೆ ಕಂಡರೂ ಪಿಂಗಾಣಿಯ ಮೇಲೆ ಉಜ್ಜಿದಾಗ ಕೆಂಪು-ಕಂದು ಗೆರೆ, ಮ್ಯಾಗ್ನೆಟೈಟ್‌ಗೆ ಕಪ್ಪು ಗೆರೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಪ್ಲೇಟಿಗಿಂತ ಗಟ್ಟಿಯಾದ ಖನಿಜ ಉಜ್ಜಿದರೆ ಪ್ಲೇಟೇ ಸವೆದು ಬಿಳಿ ಪುಡಿ ಬರುತ್ತದೆ. ಅದನ್ನೇ ‘ಬಿಳಿ ಸ್ಟ್ರೀಕ್’ ಅಂತ ರೆಕಾರ್ಡಿನಲ್ಲಿ ಬರೆಯುತ್ತಾರೆ. ಪುಡಿ ಒರೆಸಿ ನೋಡಿ. ಕೆಳಗೆ ಗೀರು ಇದ್ದರೆ ಅದು ಸ್ಟ್ರೀಕ್ ಅಲ್ಲ.

ಸ್ಫಟಿಕಶಾಸ್ತ್ರದಲ್ಲಿ ಹರಳಿನ ಅಕ್ಷಗಳನ್ನು ತಲೆಯಲ್ಲೇ ತಿರುಗಿಸಲು ಆಗದಿದ್ದರೆ ಬಟ್ಟೆ ಸೋಪಿನ ಬಾರ್ ಕತ್ತರಿಸಿ ಮಾಡೆಲ್ ಮಾಡಿಕೊಳ್ಳಲಿ, ನಾಚಿಕೆ ಬೇಡ. ಪಳೆಯುಳಿಕೆ ಪತ್ರಿಕೆ ಮಾತ್ರ ಡಬ್ಬಿಯಲ್ಲಿರುವ ಮಾದರಿ ನೋಡಿಯೇ ಕಲಿಯಬೇಕು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬಂಡೆಗಳು 250 ಕೋಟಿ ವರ್ಷದ ಆಸುಪಾಸಿನವು, ಇಲ್ಲವೇ ಅದಕ್ಕೂ ಹಳೆಯವು. ಅವುಗಳಲ್ಲಿ ಚಿಪ್ಪು, ಎಲುಬು ಹುಡುಕಿ ಫಲವಿಲ್ಲ.

ಮೈಕ್ರೋಸ್ಕೋಪಿಗೆ ಬಂದಾಗ ಕಲ್ಲಿನ ತೆಳುಚೂರಿನ ದಪ್ಪ 0.03 ಮಿ.ಮೀ. ಇರಬೇಕು. ಸ್ಲೈಡ್ ಸರಿ ಇದೆಯಾ ಅಂತ ತಿಳಿಯಲು ಬೆಳಕು ಸೋಸುವ ಎರಡು ಪೋಲರಾಯ್ಡ್ ಹಾಕಿ ಮೊದಲು ಕ್ವಾರ್ಟ್ಜ್ ಹುಡುಕಿ. ಬೂದು-ಬಿಳಿ ಕಂಡರೆ ಸರಿ. ಗಾಢ ಹಳದಿ, ಕಿತ್ತಳೆ ಕಂಡರೆ ಸ್ಲೈಡ್ ದಪ್ಪ, ಅದರಲ್ಲಿ ಉಳಿದ ಖನಿಜಗಳ ಬಣ್ಣವೂ ದಾರಿ ತಪ್ಪಿಸುತ್ತದೆ. ಸ್ಟೇಜ್ ತಿರುಗಿಸಿದಾಗ ಖನಿಜದ ಕಾಳು ನೋಟದಿಂದ ಓಡಿಹೋಗುತ್ತಿದ್ದರೆ ಆಬ್ಜೆಕ್ಟಿವ್ (ಸ್ಲೈಡಿನ ಹತ್ತಿರದ ಲೆನ್ಸ್) ಸೆಂಟರ್ ಆಗಿಲ್ಲ, ಪಕ್ಕದ ಸ್ಕ್ರೂಗಳಿಂದ ಸರಿಮಾಡಿಕೊಳ್ಳಬೇಕು. ಹಾರ್ನ್‌ಬ್ಲೆಂಡ್‌ನ ಎರಡು ಸೀಳುಗಳ ನಡುವೆ 56 ಅಥವಾ 124 ಡಿಗ್ರಿ, ಪೈರಾಕ್ಸೀನ್‌ನಲ್ಲಿ ಹೆಚ್ಚುಕಡಿಮೆ 90. ಕೆಜಿಎಫ್‌ನ ಆಂಫಿಬೊಲೈಟನ್ನೂ (ಹಾರ್ನ್‌ಬ್ಲೆಂಡ್ ತುಂಬಿದ ಕಲ್ಲು) ಡೈಕಿನ, ಅಂದರೆ ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ, ಪೈರಾಕ್ಸೀನ್ ಇರುವ ಕರಿಕಲ್ಲನ್ನೂ ಬೇರ್ಪಡಿಸಲು ಇದೇ ಆಧಾರ. ಕೈಯಲ್ಲಿ ಹಿಡಿದರೆ ಎರಡೂ ಕಪ್ಪೇ.

ನಕ್ಷೆಯ ಪ್ರಾಕ್ಟಿಕಲ್‌ನಲ್ಲಿ ಅಂಕ ಹೋಗುವುದು ಹೆಚ್ಚಾಗಿ ಅಡ್ಡಸೀಳಿಕೆಯಲ್ಲಿ, ಅಂದರೆ ನೆಲವನ್ನು ನೆಟ್ಟಗೆ ಕೊಯ್ದು ಪಕ್ಕದಿಂದ ನೋಡಿದಂಥ ಚಿತ್ರದಲ್ಲಿ. 1:50,000 ನಕ್ಷೆಯಲ್ಲಿ ಒಂದು ಸೆಂ.ಮೀ. ಅಂದರೆ 500 ಮೀಟರ್. ನಂದಿಬೆಟ್ಟ 1,478 ಮೀಟರ್, ಚಿಕ್ಕಬಳ್ಳಾಪುರ ಊರು ಸುಮಾರು 915. ಅಷ್ಟು ದೊಡ್ಡ ಬೆಟ್ಟ ಕಾಗದದ ಮೇಲೆ ಒಂದು ಸೆಂ.ಮೀ.ಗಿಂತ ಸ್ವಲ್ಪವೇ ಹೆಚ್ಚು. ನೋಡಲು ಚೆನ್ನಾಗಿರಲಿ ಅಂತ ಮಕ್ಕಳು ಎತ್ತರವನ್ನು ಐದು ಪಟ್ಟು ಹಿಗ್ಗಿಸುತ್ತಾರೆ, ಆದರೆ ಪದರದ ಇಳಿಜಾರನ್ನು 30 ಡಿಗ್ರಿಯಲ್ಲೇ ಎಳೆಯುತ್ತಾರೆ. ಐದು ಪಟ್ಟು ಹಿಗ್ಗಿಸಿದ ಚಿತ್ರದಲ್ಲಿ ಆ 30 ಡಿಗ್ರಿ 71 ಆಗಬೇಕು. ಈ ತಲೆನೋವು ಬೇಡವೆಂದರೆ ಎರಡೂ ದಿಕ್ಕಿಗೆ ಒಂದೇ ಸ್ಕೇಲ್ ಇಡಲಿ, ಚಿತ್ರ ಚಪ್ಪಟೆಯಾದರೆ ಆಗಲಿ.

ಸರ್ವೆ ಆಫ್ ಇಂಡಿಯಾದ ಹಳೆಯ ಸಂಖ್ಯೆಯಲ್ಲಿ ಚಿಂತಾಮಣಿ 57 ಕೆ ಹಾಳೆಯಲ್ಲಿ, ನಂದಿಬೆಟ್ಟ 57 ಜಿ, ಕೆಜಿಎಫ್ 57 ಎಲ್. ಒಂದೇ ಹಾಳೆಯಲ್ಲಿ ಎಲ್ಲ ಸಿಗುತ್ತದೆ ಅಂತ ಹೊರಡಬೇಡಿ. ಭೂವಿಜ್ಞಾನ ನಕ್ಷೆಗಳು ಜಿಎಸ್‌ಐನ ಭೂಕೋಶ್ ಪೋರ್ಟಲ್‌ನಲ್ಲಿ ಸಿಗುತ್ತವೆ.

ಫೀಲ್ಡಿಗೆ ಒಂದು ಕಿಲೋ ಒಳಗಿನ ಜಿಯಾಲಜಿ ಸುತ್ತಿಗೆ, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಇಳಿಜಾರು ಅಳೆಯುವ ಕ್ಲಿನೋಮೀಟರ್ ಕಂಪಾಸ್, ಪೆನ್ಸಿಲ್, ಡ್ರಾಪರ್ ಬಾಟಲಿಯಲ್ಲಿ ಆಸಿಡ್ ಸಾಕು. ಗಾರೆಯವರ ಸುತ್ತಿಗೆ ಬೇಡ, ಉಕ್ಕು ಚೂರಾಗಿ ಕಣ್ಣಿಗೆ ಹಾರುತ್ತದೆ. ಸುತ್ತಿಗೆ ಯಾವುದಾದರೂ ಕನ್ನಡಕ ಹಾಕಲೇಬೇಕು. ಹೈಡ್ರೋಕ್ಲೋರಿಕ್ ಆಸಿಡ್ ಒಂದು ಪಾಲು, ನೀರು ಒಂಬತ್ತು ಪಾಲು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ನಮ್ಮ ಬಯಲುಸೀಮೆಯಲ್ಲಿ ಬಂಡೆಯ ಬಿರುಕಿನಲ್ಲಿ ಸುಣ್ಣ ಕಟ್ಟಿಕೊಂಡಿರುತ್ತದೆ. ಹಾಗಾಗಿ ಗ್ರಾನೈಟೂ ನೊರೆ ಬಿಡುವಂತೆ ಕಾಣಬಹುದು. ಹೊಸದಾಗಿ ಒಡೆದ ಮುಖದ ಮೇಲೆ ಹನಿ ಹಾಕಿ.

ಡಿಪ್ (ಪದರದ ಇಳಿಜಾರು) ಯಾವ ಕಡೆ ಅಂತ ಗೊಂದಲವಾದರೆ ಪದರದ ಮೇಲೆ ಬಾಟಲಿ ನೀರು ಸ್ವಲ್ಪ ಸುರಿಯಿರಿ. ನೀರು ಹರಿದ ದಿಕ್ಕೇ ಡಿಪ್, ಅದಕ್ಕೆ ಅಡ್ಡವಾಗಿ ಮಟ್ಟಸವಾಗಿರುವ ಗೆರೆ ಸ್ಟ್ರೈಕ್. ಬೆಟ್ಟದ ಮೈಮೇಲೆ ಈರುಳ್ಳಿ ಸಿಪ್ಪೆಯಂತೆ ಎದ್ದ ಹಾಳೆಗಳಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಅವು ಪದರಗಳಲ್ಲ, ಮೇಲಿನ ಭಾರ ಕಳಚಿದಾಗ ಗ್ರಾನೈಟ್ ಬಿಟ್ಟ ಬಿರುಕುಗಳು. ಚಪ್ಪಡಿ ಎಬ್ಬಿಸುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಚಿಕ್ಕನಾಯಕನಹಳ್ಳಿ ಕಡೆಯ ಕಬ್ಬಿಣದ ಅದಿರಿನ ಮೇಲೆ ಕಂಪಾಸ್ ಇಟ್ಟರೆ ಮುಳ್ಳು ಎತ್ತಲೋ ಎಳೆಯುತ್ತದೆ. ದೂರ ನಿಂತು ಗುರಿಹಿಡಿದು ಓದಬೇಕು. ಸೊಂಟದ ಸುತ್ತಿಗೆ, ಜೇಬಿನ ಮೊಬೈಲ್ ಕೂಡ ಇದೇ ಚೇಷ್ಟೆ ಮಾಡುತ್ತವೆ.

ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಚಿನ್ನದ ಆಸೆಗೆ ಸೇರಿಸಬೇಡಿ. ನಿಮ್ಮ ಜಿಲ್ಲೆಯಲ್ಲಿ ಕೆಲಸ ಇರುವುದು ನೀರಿನಲ್ಲಿ. ಗ್ರಾನೈಟ್ ಒಳಗೆ ನೀರು ನಿಲ್ಲಲು ಜಾಗವಿಲ್ಲ. ಮೇಲಿನ ಕೊಳೆತ ಕಲ್ಲಿನಲ್ಲಿ, ಕೆಳಗಿನ ಬಿರುಕಿನಲ್ಲಿ ಮಾತ್ರ ಇರುತ್ತದೆ. ಬಿರುಕು ತಪ್ಪಿದರೆ ಸಾವಿರ ಅಡಿ ಕೊರೆದರೂ ಧೂಳೇ. ರೆಸಿಸ್ಟಿವಿಟಿ ಸರ್ವೆ ಹುಡುಕುವುದು ಇದನ್ನೇ: ಗಟ್ಟಿ ಬಂಡೆ ವಿದ್ಯುತ್ತಿಗೆ ಬಲು ಅಡ್ಡಿ, ನೀರು ತುಂಬಿದ ಭಾಗ ಕಡಿಮೆ ಅಡ್ಡಿ. ಜೇಡಿಯೂ ಕಡಿಮೆ ಅಡ್ಡಿಯನ್ನೇ ತೋರಿಸುವುದರಿಂದ ಬರೀ ಅಂಕಿ ನಂಬಿದರೆ ಕೆಡುತ್ತದೆ, ನೆಲ ನೋಡಿ ಓದಬೇಕು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವರ ಜೊತೆ ಪೈಪೋಟಿಯಂತೂ ಇದ್ದೇ ಇರುತ್ತದೆ. ಬಾಗೇಪಲ್ಲಿ, ಪಾವಗಡದ ಕಡೆ ಫ್ಲೋರೈಡ್ ಬೇರೆ, ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಅದು ಬರುವುದೂ ಕಲ್ಲಿನೊಳಗಿನ ಅಪಟೈಟ್, ಬಯೊಟೈಟ್‌ನಂಥ ಖನಿಜಗಳಿಂದಲೇ.

ಸೇರಿಸುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಮೂರು ಪ್ರಶ್ನೆ ಕೇಳಿ. ಪೋಲರೈಸಿಂಗ್ ಮೈಕ್ರೋಸ್ಕೋಪ್ ಎಷ್ಟಿವೆ, ಒಂದಕ್ಕೆ ಎಷ್ಟು ಮಕ್ಕಳು? ಕಳೆದ ವರ್ಷ ಫೀಲ್ಡ್ ಟ್ರಿಪ್ ಎಷ್ಟು ದಿನ, ಎಲ್ಲಿಗೆ? ಕಾಯಂ ಮೇಷ್ಟ್ರು ಎಷ್ಟು ಜನ? ಮೊದಲ ಪ್ರಶ್ನೆಗೆ ಬೀರು ತೆರೆದು ತೋರಿಸಿದರೆ ಅಲ್ಲೇ ಅರ್ಜಿ ತುಂಬಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಾಡತೊಡಗಿದರೆ ಬೇರೆ ಕಾಲೇಜು ನೋಡಿ.