ಅಮೆರಿಕದಲ್ಲಿ ಟೊಮೆಟೊ ಕ್ಯಾನಿಂಗ್ (ಜಾಡಿಗೆ ತುಂಬಿ, ಕುದಿಸಿ, ಕೆಡದ ಹಾಗೆ ಮುಚ್ಚಿಡೋದು) ಮಾಡೋಕೆ ಅಗ್ಗದ ಜಾಡಿ ಎಲ್ಲಿ ಸಿಗುತ್ತೆ? ಖಾಲಿ ಉಪ್ಪಿನಕಾಯಿ ಬಾಟಲಿ ಸಾಕಾಗಲ್ವಾ?

ಸಾಕಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೊದಲ ವರ್ಷ ನಾನು ಮಾಡಿದ್ದೂ ಅದನ್ನೇ.

ಹಿತ್ತಲಲ್ಲಿ 30 ಪೌಂಡ್ ಟೊಮೆಟೊ ಬಂದಿದೆ, ಫ್ರೀಜರಿನಲ್ಲಿ ಜಾಗ ಇಲ್ಲ, ಹೊಸ ಜಾಡಿಯ ಬೆಲೆ ನೋಡಿ ಗಾಬರಿಯಾಯಿತು ಅಂತ ಬರೆದಿದ್ದೀರಿ. ನಾನು ಸಾಗರದ ಕಡೆಯವಳು. ಮದುವೆಯಾಗಿ ಇಂಡಿಯಾನಾಕ್ಕೆ ಬಂದವಳಿಗೆ ಖಾಲಿ ಬಾಟಲಿ ಎಸೆಯೋಕೆ ಕೈ ಬರುತ್ತಿರಲಿಲ್ಲ. ಒಂದು ಚಳಿಗಾಲವಿಡೀ ಪಾಸ್ತಾ ಸಾಸಿನ ಬಾಟಲಿ ತೊಳೆದು ತೊಳೆದು ಕೂಡಿಟ್ಟೆ. ಆಗಸ್ಟಿನಲ್ಲಿ ಟೊಮೆಟೊ ತುಂಬಿ ಕುದಿಯುವ ನೀರಿಗೆ ಇಳಿಸಿದೆ. ಹತ್ತು ನಿಮಿಷಕ್ಕೆ ಟಕ್ ಅಂತ ಸದ್ದು. ಎತ್ತಿ ನೋಡಿದರೆ ಎರಡರ ತಳ ಚಾಕುವಿನಲ್ಲಿ ಕೊಯ್ದ ಹಾಗೆ ಕಳಚಿಕೊಂಡಿತ್ತು. ಪಾತ್ರೆ ತುಂಬ ಟೊಮೆಟೊ ಸಾರು, ಗಾಜಿನ ಚೂರಿನ ಒಗ್ಗರಣೆ ಸಮೇತ. ಉಳಿದವುಗಳಲ್ಲಿ ಅರ್ಧಕ್ಕೆ ಮುಚ್ಚಳ ಹಿಡಿಯಲೇ ಇಲ್ಲ.

ಆ ಬಾಟಲಿಗಳು ಕಾರ್ಖಾನೆಯಲ್ಲಿ ಒಂದು ಸಲ ತುಂಬೋಕೆ ಅಂತ ಮಾಡಿದವು. ಗಾಜು ತೆಳು. ಕ್ಯಾನಿಂಗ್‌ನಲ್ಲಿ ಆಗುವುದು ಇಷ್ಟು: ಕುದಿಯುವಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಆರುವಾಗ ಮುಚ್ಚಳ ಒಳಕ್ಕೆ ಎಳೆದುಕೊಂಡು ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಜಾಡಿಯ ಅಂಚು ಸಮತಟ್ಟಾಗಿರಬೇಕು, ಮುಚ್ಚಳದ ಒಳಗಿನ ರಬ್ಬರಿನಂಥ ಪಟ್ಟಿ ಹೊಸದಾಗಿರಬೇಕು. ಸಾಸ್ ಬಾಟಲಿಯ ಹಳೇ ಮುಚ್ಚಳದಲ್ಲಿ ಆ ಪಟ್ಟಿ ಆಗಲೇ ಒತ್ತಿ ಸವೆದಿರುತ್ತದೆ. ಕೆಲವು ಸಾಸ್ ಬಾಟಲಿಗಳ ಮೇಲೆ ಕ್ಯಾನಿಂಗ್ ಜಾಡಿಯ ಹೆಸರಾದ ‘ಮೇಸನ್’ ಅಂತ ಉಬ್ಬಕ್ಷರ ಇರುತ್ತದೆ, ಅಂಗಡಿಯ ಹೊಸ ಮುಚ್ಚಳವೂ ಅದಕ್ಕೆ ಸರಿಯಾಗಿ ಕೂರುತ್ತದೆ. ಅದಕ್ಕೂ ಮರುಳಾಗಬೇಡಿ. ನಾನು ಮರುಳಾಗಿದ್ದೆ.

ಈಗ ದುಡ್ಡಿನ ವಿಷಯ. ಇಲ್ಲಿನ ಕ್ಯಾನಿಂಗ್ ಜಾಡಿಗೆ ಮೂರು ಭಾಗ: ಗಾಜು, ತಟ್ಟೆಯಂಥ ತೆಳು ಮುಚ್ಚಳ, ಅದನ್ನು ಹಿಡಿದಿಡುವ ತಿರುಪಿನ ಬಳೆ. ಗಾಜು ಜೋಪಾನವಾಗಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಬಳೆ ತುಕ್ಕು ಹಿಡಿಯುವವರೆಗೆ ನಡೆಯುತ್ತದೆ. ಪ್ರತಿ ಸಲ ಹೊಸದು ಬೇಕಾಗುವುದು ಮುಚ್ಚಳ ಮಾತ್ರ. ಹಾಗಾಗಿ ಗಾಜನ್ನು ಹಳೇದು ತನ್ನಿ, ಮುಚ್ಚಳಕ್ಕೆ ಮಾತ್ರ ಜಿಪುಣತನ ಮಾಡಬೇಡಿ. 2020ರಲ್ಲಿ ಕೋವಿಡ್ ಅಂತ ಎಲ್ಲರೂ ಮನೆಯಲ್ಲೇ ಕೂತು ತೋಟ ಮಾಡಿದರಲ್ಲ, ಆಗ ದೇಶದಲ್ಲೆಲ್ಲ ಮುಚ್ಚಳಕ್ಕೆ ಬರ ಬಂತು. ನನ್ನ ಹತ್ತಿರ ಜಾಡಿ ರಾಶಿ ಇತ್ತು, ಮುಚ್ಚಳ ಒಂದೂ ಇರಲಿಲ್ಲ. ಹೆಸರೇ ಕೇಳಿರದ ಮುಚ್ಚಳ ಆನ್‌ಲೈನಿನಲ್ಲಿ ತರಿಸಿದೆ, ಮೂರಕ್ಕೊಂದು ಬಿಟ್ಟುಕೊಂಡಿತು. ಅಂದಿನಿಂದ ಒಂದು ವರ್ಷಕ್ಕೆ ಆಗುವಷ್ಟು ಮುಚ್ಚಳ ಮುಂಚೆಯೇ ತಂದಿಡುತ್ತೇನೆ. ಅದಕ್ಕಿಂತ ಜಾಸ್ತಿ ಕೂಡಿಡುವುದಿಲ್ಲ, ಪಟ್ಟಿ ಹಳತಾದರೆ ನಂಬೋಕೆ ಆಗಲ್ಲ.

ಹಳೇ ಜಾಡಿ ಎಲ್ಲಿ ಸಿಗುತ್ತದೆ? ಮನೆ ಮುಂದೆ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ಗಳಲ್ಲಿ. ಅದಕ್ಕಿಂತ ಒಳ್ಳೆಯದು ಎಸ್ಟೇಟ್ ಸೇಲ್. ವಯಸ್ಸಾದವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಾರಲ್ಲ, ಅದು. ನೇರ ನೆಲಮಾಳಿಗೆಗೆ ಇಳಿಯಿರಿ. ಮೇಲೆ ಎಲ್ಲರೂ ಪಿಂಗಾಣಿ ನೋಡುತ್ತಿರುತ್ತಾರೆ, ಕೆಳಗೆ ಕಪಾಟಿನ ತುಂಬ ಅಜ್ಜಿಯ ಜಾಡಿಗಳು ಧೂಳು ತಿನ್ನುತ್ತಿರುತ್ತವೆ. ಕೊನೇ ದಿನ ಮಧ್ಯಾಹ್ನ ಹೋದರೆ ಡಬ್ಬದ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ನನಗೆ ಒಂದೊಂದು 25, 50 ಸೆಂಟಿಗೆ ಸಿಕ್ಕಿವೆ. ಪಕ್ಕದ ಮನೆಯ ಹಿರಿಯರನ್ನು ಸುಮ್ನೆ ಕೇಳಿ ನೋಡಿ, ಎಷ್ಟೋ ಜನ ಪುಕ್ಕಟೆ ಕೊಡುತ್ತಾರೆ, ಜಾಗ ಖಾಲಿಯಾದರೆ ಸಾಕು ಅವರಿಗೆ.

ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋದರೆ ಮಾತ್ರ ಲೆಕ್ಕ ಹಾಕಿ. ಹೊಸ ಡಜನ್ನಿನ ಜೊತೆ 12 ಮುಚ್ಚಳ, 12 ಬಳೆ ಬಂದೇ ಬರುತ್ತವೆ. ಹಳೇ ಜಾಡಿಗೆ ಅದನ್ನೆಲ್ಲ ಬೇರೆ ಕೊಳ್ಳಬೇಕು. ಬರೀ ಗಾಜಿಗೆ 75 ಸೆಂಟ್ ಮೇಲೆ ಕೇಳಿದರೆ ನಾನು ಕೆಳಗಿಟ್ಟು ಬರುತ್ತೇನೆ. ಹೊಸದೇ ಬೇಕೆಂದರೆ ಸೆಪ್ಟೆಂಬರ್ ಕೊನೆಗೆ ಅಂಗಡಿಯವರು ಕಪಾಟು ಖಾಲಿ ಮಾಡುವಾಗ ಮುಂದಿನ ವರ್ಷಕ್ಕೆ ತಂದಿಡಿ. ಟೊಮೆಟೊ ಕೆಂಪಾಗುವ ಆಗಸ್ಟಿನಲ್ಲಿ ಎಲ್ಲರಿಗೂ ಒಟ್ಟಿಗೆ ನೆನಪಾಗುತ್ತದೆ, ಅಗ್ಗಕ್ಕೆ ಸಿಗುವುದೇ ಇಲ್ಲ. ಹಳೇ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡವಾದ ಆಮಿಶ್ ಜನರ ಅಂಗಡಿ ಹತ್ತಿರದಲ್ಲಿದ್ದರೆ ಮುಚ್ಚಳಕ್ಕೆ ಅಲ್ಲಿಗೆ ಹೋಗಿ. ಅವರ ಮನೆಗಳಲ್ಲಿ ನೂರಾರು ಜಾಡಿ ತುಂಬಿಡುತ್ತಾರೆ, ಮುಚ್ಚಳ ಸಗಟಿನಲ್ಲೇ ಮಾರುತ್ತಾರೆ.

ಆರಿಸುವಾಗ ಕಣ್ಣಿಗಿಂತ ಬೆರಳನ್ನು ನಂಬಿ. ಬಾಯಿಯ ಅಂಚಿನ ಸುತ್ತ ಬೆರಳನ್ನು ಮೆಲ್ಲಗೆ ಒಂದು ಸುತ್ತು ತನ್ನಿ. ಸಾಸಿವೆ ಕಾಳಿನಷ್ಟು ಚಕ್ಕೆ ಎದ್ದಿದ್ದರೂ ಬೇಡ, ಅಲ್ಲಿಂದ ಗಾಳಿ ನುಗ್ಗುತ್ತದೆ. ಕೈ ಕುಯ್ದೀತು ಅಂತ ಹೆದರಿಕೆ ಇದ್ದರೆ ಹತ್ತಿಯ ಉಂಡೆ ಆಡಿಸಿ, ಚಕ್ಕೆ ಇದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬೆಳಕಿಗೆ ಹಿಡಿದು ತಳದ ಮೂಲೆಯಲ್ಲಿ ಕೂದಲೆಳೆಯ ಬಿರುಕು ಇದೆಯಾ ನೋಡಿ. ಒಳಗೆ ಚಮಚದಿಂದ ಕೆರೆದ ಗೀರು ತುಂಬ ಇದ್ದರೂ ಬಿಡಿ. ಬೆಳ್ಳಗೆ ಮಂಜು ಕವಿದ ಹಾಗಿದ್ದರೆ ಚಿಂತೆ ಇಲ್ಲ, ಅದು ಗಡಸು ನೀರಿನ ಕಲೆ. ಒಂದು ಗ್ಯಾಲನ್ ನೀರಿಗೆ ಒಂದು ಕಪ್ ವಿನೆಗರ್ ಹಾಕಿ ಕೆಲವು ಗಂಟೆ ನೆನೆಸಿದರೆ ಹೋಗುತ್ತದೆ. ಇದನ್ನು ತೋರಿಸಿಯೇ ಚೌಕಾಸಿ ಮಾಡಬಹುದು!

ಒಂದೇ ಅಳತೆಯ ಬಾಯಿಗೆ ಅಂಟಿಕೊಳ್ಳಿ. ಸಾಮಾನ್ಯ ಬಾಯಿ 70 ಮಿಲಿಮೀಟರ್, ಅಗಲ ಬಾಯಿ 86. ಎರಡನ್ನೂ ಬೆರೆಸಿ ತಂದರೆ ಬೇಕಾದಾಗ ಬೇಕಾದ ಮುಚ್ಚಳ ಇರುವುದೇ ಇಲ್ಲ. ಟೊಮೆಟೊಗೆ ಸಾಮಾನ್ಯ ಬಾಯಿ ಧಾರಾಳ ಸಾಕು, ಮುಚ್ಚಳವೂ ಅಗ್ಗ. ಪೀಚ್ ಹಣ್ಣಿನ ದೊಡ್ಡ ಹೋಳು ತುಂಬುವವರಿಗೆ ಅಗಲ ಬಾಯಿ ಅನುಕೂಲ. ನಿಮ್ಮ 30 ಪೌಂಡಿಗೆ ಪೈಂಟ್ ಜಾಡಿ ಸುಮಾರು 19 ಬೇಕಾಗುತ್ತದೆ, ಎರಡು ಡಜನ್ ತನ್ನಿ. ಪೈಂಟ್ ಅಂದರೆ ಅರ್ಧ ಲೀಟರಿಗೆ ಸ್ವಲ್ಪ ಕಮ್ಮಿ. ನಾಲ್ಕು ಜನರ ಸಾರಿಗೆ ಒಂದು ಬಿಚ್ಚಿದರೆ ಸರಿಹೋಗುತ್ತದೆ.

ನೀಲಿ ಗಾಜಿನ ಜಾಡಿ ಕಂಡರೆ, ಅದರ ಮೇಲೆ ‘ಪೇಟೆಂಟ್ ನವೆಂಬರ್ 30, 1858’ ಅಂತ ಇದ್ದರೆ, ಮಾರುವವರು ನೂರೈವತ್ತು ವರ್ಷದ್ದು ಅಂತ ಬೆಲೆ ಏರಿಸುತ್ತಾರೆ. ಅದು ಜಾನ್ ಲ್ಯಾಂಡಿಸ್ ಮೇಸನ್ ಈ ತಿರುಪಿನ ಜಾಡಿಗೆ ಪೇಟೆಂಟ್ ಪಡೆದ ದಿನ ಅಷ್ಟೇ. ಆಮೇಲೆ ಎಷ್ಟೋ ದಶಕ ಎಷ್ಟೋ ಕಂಪನಿಗಳು ಅದೇ ತಾರೀಕನ್ನು ಅಚ್ಚು ಹಾಕುತ್ತಲೇ ಹೋದವು. ನಮ್ಮ ಇಂಡಿಯಾನಾದಲ್ಲಿ ಇವು ಹೇರಳ. ಜಾಡಿ ಮಾಡುತ್ತಿದ್ದ ಬಾಲ್ ಸಹೋದರರು 1880ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೊ ಬಿಟ್ಟು ಇಲ್ಲಿನ ಮನ್ಸಿ ಊರಿಗೆ ಬಂದರು. ಇಲ್ಲಿ ನೆಲದಡಿ ಗ್ಯಾಸ್ ಸಿಕ್ಕಿತ್ತು, ಗಾಜು ಕರಗಿಸೋಕೆ ಬೆಂಕಿ ಅಗ್ಗವಾಗಿತ್ತು. ಕಿಟಕಿಯಲ್ಲಿ ಹೂವಿಡೋಕೆ ಆ ನೀಲಿ ಜಾಡಿ ಚೆಂದ. ಕುದಿಸಬೇಡಿ. ತಂತಿಯ ಕೊಂಡಿ, ಗಾಜಿನ ಮುಚ್ಚಳ ಇರುವ ಹಳೇ ಜಾಡಿಗಳೂ ಬೇಡ.

ಜಾಡಿಯ ಪ್ರಶ್ನೆ ಅಲ್ಲದಿದ್ದರೂ ಎರಡು ಮಾತು ಹೇಳಲೇಬೇಕು. ಒಂದು, ಊರಿಂದ ತಂದ ಪ್ರೆಶರ್ ಕುಕ್ಕರಿನಲ್ಲಿ ಜಾಡಿ ಇಡಬೇಡಿ. ಸೀಟಿ ಲೆಕ್ಕ ಇಲ್ಲಿ ನಡೆಯೋದಿಲ್ಲ. ಟೊಮೆಟೊಗೆ ಆಳದ ಪಾತ್ರೆ, ಜಾಡಿ ಪೂರ್ತಿ ಮುಳುಗುವಷ್ಟು ಕುದಿನೀರು ಸಾಕು. ತಳಕ್ಕೆ ಸ್ಟ್ಯಾಂಡ್ ಕೊಳ್ಳಬೇಕಿಲ್ಲ, ಹಳೇ ಬಳೆಗಳನ್ನು ಒಂದಕ್ಕೊಂದು ಕಟ್ಟಿ ಹಾಸಿ. ಬಿಸಿ ಟೊಮೆಟೊವನ್ನು ಬಿಸಿ ಜಾಡಿಗೇ ತುಂಬಿ, ತಣ್ಣನೆಯದಕ್ಕೆ ಸುರಿದರೆ ಹೊಸ ಜಾಡಿಯೂ ಒಡೆಯುತ್ತದೆ. ಜಜ್ಜಿದ ಟೊಮೆಟೊ ಪೈಂಟಿಗೆ ಕುದಿಯೋಕೆ ಶುರುವಾದ ಮೇಲೆ 35 ನಿಮಿಷ. ನಿಮ್ಮ ಊರು 1000 ಅಡಿಗಿಂತ ಎತ್ತರದಲ್ಲಿದ್ದರೆ 40, 3000 ಅಡಿ ದಾಟಿದರೆ ಇನ್ನೂ ಜಾಸ್ತಿ.

ಎರಡು, ಟೊಮೆಟೊ ಹುಳಿ ಇದೆ ಅಂತ ನಾಲಿಗೆ ಹೇಳಿದರೂ ನಂಬಬೇಡಿ. ಪೈಂಟಿಗೆ ಒಂದು ಟೇಬಲ್ ಚಮಚ ಬಾಟಲಿಯ ನಿಂಬೆರಸ ಹಾಕಲೇಬೇಕು. ಹುಳಿ ಸಾಲದಿದ್ದರೆ ಗಾಳಿ ಇಲ್ಲದ ಜಾಡಿಯಲ್ಲಿ ಬಾಟ್ಯುಲಿಸಂ ತರುವ, ಪ್ರಾಣ ತೆಗೆಯಬಲ್ಲ ವಿಷ ಹುಟ್ಟಬಹುದು, ವಾಸನೆಗೂ ಗೊತ್ತಾಗದ ಹಾಗೆ. ಮನೆಯಲ್ಲೇ ಹಿಂಡಿದ ನಿಂಬೆಯ ಹುಳಿ ಹಣ್ಣಿಂದ ಹಣ್ಣಿಗೆ ಬೇರೆ, ಅದಕ್ಕೇ ಬಾಟಲಿಯದು. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಹಾಕಿದ ಗೊಜ್ಜು ಮಾಡಿ ತುಂಬೋಣ ಅಂತ ಅನ್ನಿಸುತ್ತದೆ. ಬೇಡ. ಬರೀ ಟೊಮೆಟೊ ತುಂಬಿ, ಒಗ್ಗರಣೆಯನ್ನು ಜಾಡಿ ಬಿಚ್ಚಿದ ದಿನ ಹಾಕಿ.

ನಿಮ್ಮ ಖಾಲಿ ಉಪ್ಪಿನಕಾಯಿ ಬಾಟಲಿಗಳನ್ನು ಎಸೆಯಬೇಡಿ ಮತ್ತೆ. ನಮ್ಮ ಮಿಡಿ ಉಪ್ಪಿನಕಾಯಿ ಕೆಡದೆ ನಿಲ್ಲುವುದು ಉಪ್ಪಿನ ಬಲದಿಂದ, ಅದಕ್ಕೆ ಗಾಳಿ ತೆಗೆದ ಜಾಡಿ ಬೇಕಿಲ್ಲ. ನೀರಿನ ಪಸೆ ಇಲ್ಲದೆ ಒಣಗಿಸಿದ ಬಾಟಲಿ ಆದರೆ ಆಯಿತು. ತಗಡಿನ ಮುಚ್ಚಳಕ್ಕೆ ಉಪ್ಪು ತಾಗಿ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳದ್ದು ಆರಿಸಿ. ಗೆಳತಿಯರಿಗೆ ಚಟ್ನಿಪುಡಿ, ಸಾರಿನ ಪುಡಿ ಕೊಡುವಾಗಲೂ ಅದರಲ್ಲೇ ಕೊಡಿ. ನಾನು ಗತ್ತಿಗೆ ಅಂತ ಮೇಸನ್ ಜಾಡಿಯಲ್ಲಿ ಕೊಡುತ್ತಿದ್ದೆ. ನಾಲ್ಕು ಡಜನ್ ಇದ್ದದ್ದರಲ್ಲಿ ಒಂದು ಡಜನ್ ಊರ ತುಂಬ ಹಂಚಿಹೋಗಿದೆ, ವಾಪಸ್ ಕೇಳೋಕೆ ಬಾಯಿ ಬರುತ್ತಿಲ್ಲ.