ತೂಕದ ಇಲಾಖೆ, ಬಿಐಎಸ್ ಎರಡೂ ಇರೂವಾಗ ದಿಲ್ಲಿ ಎನ್‌ಪಿಎಲ್ ಯಾಕ ಬೇಕು?

ನೀವು ಕೇಳಿದ್ದು ಇಷ್ಟು: ಐಎಸ್‌ಐ ಮಾರ್ಕ್ ಕೊಡಾಕ ಬಿಐಎಸ್ (ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್) ಐತಿ, ಅಂಗಡಿ ತಕ್ಕಡಿಗೆ ಸೀಲ್ ಹೊಡಿಯಾಕ ತೂಕದ ಇಲಾಖೆ, ಅಂದ್ರ ಕಾನೂನು ಮಾಪನ ಇಲಾಖೆ ಐತಿ, ಮತ್ತ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ (ಎನ್‌ಪಿಎಲ್) ಅಂತ ಇನ್ನೊಂದಕ್ಕ ರೊಕ್ಕ ಯಾಕ ಸುರೀಬೇಕು, ಕೇಜಿ ಅಂದ್ರ ಕೇಜಿನ ಅಲ್ಲೇನು ಅಂತ. ನಾನು ಹುಬ್ಬಳ್ಳಿ, ಬ್ಯಾಡಗಿ ಕಡೆ ತೂಕದ ಮಷೀನ್ ರಿಪೇರಿ ಮಾಡಾಂವ, ದಿಲ್ಲಿ ಸೈಂಟಿಸ್ಟ್ ಅಲ್ರಿ, ಅದಕ್ಕ ಕೆಳಗಿಂದ ಮ್ಯಾಲ ಹೋಗ್ತೀನಿ.

ಎಲೆಕ್ಟ್ರಾನಿಕ್ ಮಷೀನ್ ಒಳಗಿರೂ ಲೋಡ್ ಸೆಲ್‌ಗೆ ಕೇಜಿ ಅಂದ್ರ ಏನಂತ ಗೊತ್ತಿಲ್ಲ, ಮ್ಯಾಲಿಂದ ಎಷ್ಟು ಒತ್ತಾಕತ್ತೈತಿ ಅನ್ನೂದಷ್ಟ ಗೊತ್ತು. ಭೂಮಿ ಜಗ್ಗೂ ಶಕ್ತಿ ಎಲ್ಲಾ ಕಡೆ ಒಂದ ಇರಂಗಿಲ್ಲ, ದಿಲ್ಲಿಗಿಂತ ನಮ್ಮ ಕಡೆ ಸ್ವಲ್ಪ ಕಡಿಮಿ, ಯಾಕಂದ್ರ ನಾವು ಭೂಮಧ್ಯರೇಖೆಗೆ ಹತ್ರ, ಅದರ ಮ್ಯಾಲ ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರ್‌ಗೂ ಎತ್ತರ. ದಿಲ್ಲಿಯೊಳಗ ಸೆಟ್ ಮಾಡಿದ ಮಷೀನ್ ಹಂಗ ತಂದು ಇಲ್ಲಿ ಇಟ್ರ ಕಿಲೋಕ್ಕ ಸುಮಾರು 1 ಗ್ರಾಂ ಕಡಿಮಿ ತೋರಸ್ತೈತಿ, 50 ಕೇಜಿ ಚೀಲಕ್ಕ 50 ಗ್ರಾಂ ಹಿಡೀರಿ. ಒಂದು ಚೀಲಕ್ಕ ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ, ಆದ್ರ ಸೀಸನ್ನಿನ್ಯಾಗ ಬ್ಯಾಡಗಿ ಮಾರ್ಕೆಟ್ಟಿಗೆ ಬಂದು ಬೀಳೂ ಮೆಣಸಿನಕಾಯಿ ಚೀಲ ನೋಡೀರಿಲ್ಲ? ಅಷ್ಟೂ ರೈತನ ಕಿಸೆದಿಂದ ಹೋಗೂದು, ಯಾರೂ ಮೋಸ ಮಾಡ್ದನ!

ಅದಕ್ಕ ಮಷೀನ್ ಇಟ್ಟ ಜಾಗದಾಗ ಕಲ್ಲು ಇಟ್ಟು ಸೆಟ್ ಮಾಡಬೇಕು. ಸರಿ, ಆ ಕಲ್ಲು ಸರಿ ಐತಿ ಅಂತ ಹೇಳಿದವ್ರು ಯಾರು? ಹಳೇ ಕಬ್ಬಿಣದ ಕಲ್ಲು ತಿರುವಿ ನೋಡ್ರಿ, ಒಂದು ತೂತಿನ್ಯಾಗ ಸೀಸ ತುಂಬಿರ್ತಾರ, ಸವೆದು ತೂಕ ಇಳಿದಿದ್ರ ಅಲ್ಲೇ ಚೂರು ಸೀಸ ಸೇರಿಸಿ ಸರಿ ಮಾಡಿ ಅದರ ಮ್ಯಾಲ ಇನ್ಸ್‌ಪೆಕ್ಟರ್ ಮುದ್ರೆ ಒತ್ತತಾರ. ಕಲ್ಲಿಗೆ 2 ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್‌ಗೆ ವರ್ಷಕ್ಕೊಮ್ಮೆ. ಆ ಇನ್ಸ್‌ಪೆಕ್ಟರ್ ಕಡೆ ಇರೂ ಕಲ್ಲನ್ನ ರಾಜ್ಯದ ಲ್ಯಾಬಿನ್ಯಾಗ ಚೆಕ್ ಮಾಡಿರ್ತಾರ, ರಾಜ್ಯದ್ದನ್ನ ಬೆಂಗಳೂರಿನ ರೀಜನಲ್ ರೆಫರೆನ್ಸ್ ಲ್ಯಾಬ್‌ನಂಥಾ ಕಡೆ, ಅವರದನ್ನ ಎನ್‌ಪಿಎಲ್‌ನ್ಯಾಗ. "ನಿಮ್ಮದನ್ನ ಯಾರು ಚೆಕ್ ಮಾಡಿದ್ರು" ಅಂತ ಕೇಳ್ಕೋತ ಹೋದ್ರ ನಮ್ಮ ದೇಶದಾಗ ಕಟ್ಟಕಡೀಗೆ ಉತ್ತರ ಕೊಡಬೇಕಾದವ್ರು ಅವ್ರು, ಅವ್ರ ಕೆಲಸ ಅದ.

ಹಂಗಾದ್ರ ಒಂದು ಪಕ್ಕಾ ಕಲ್ಲು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರ ಮುಗೀತಲ್ಲ ಅಂತೀರಿ. ಮೊದಲ ಹಂಗ ಇತ್ತು. ಪ್ಯಾರಿಸ್ ಹತ್ರ ಪ್ಲಾಟಿನಂ-ಇರಿಡಿಯಂದು ಒಂದು ಮೂಲ ಕೇಜಿ, ಅದರ 57ನೇ ನಂಬರ್ ಕಾಪಿ ನಮ್ಮ ಎನ್‌ಪಿಎಲ್‌ನ್ಯಾಗ. ಆದ್ರ ನೂರು ವರ್ಷದಾಗ ಆ ಮೂಲಕ್ಕೂ ಅದರ ಕಾಪಿಗಳಿಗೂ ಸುಮಾರು 50 ಮೈಕ್ರೋಗ್ರಾಂ ಫರಕು ಬಿತ್ತು, ಮೂಲ ಇಳೀತೋ ಕಾಪಿ ಏರಿದುವೋ ಹೇಳಾಕ ದಾರಿನ ಇಲ್ಲ, ಯಾಕಂದ್ರ ಕೇಜಿ ಅಂದ್ರನ ಆ ಮೂಲ ಕಲ್ಲು! ಕಡೀಕ 2019ರ ಮೇ 20ರಿಂದ ಕೇಜಿಯನ್ನ ಪ್ಲಾಂಕ್ ಸ್ಥಿರಾಂಕಕ್ಕ, ಅಂದ್ರ ಪ್ರಕೃತಿಯೊಳಗ ಎಂದೂ ಬದಲಾಗದ ಒಂದು ಸಂಖ್ಯೆಗೆ ಕಟ್ಟಿದ್ರು. ಈಗ ಅದನ್ನ ಲ್ಯಾಬಿನ್ಯಾಗ ಖರೆ ಖರೆ ತೂಗಿ ತೋರಸಾಕ ಕಿಬ್ಬಲ್ ಬ್ಯಾಲೆನ್ಸ್ ಅಂಥಾವು ಬೇಕು, ತೂಕವನ್ನ ಕರೆಂಟಿನ ಲೆಕ್ಕದಾಗ ಅಳೆಯೂ ಯಂತ್ರ ಅದು. ಕಪಾಟು ಕಾಯೂದಷ್ಟ ಆಗಿದ್ರ ವಾಚ್‌ಮನ್ ಸಾಕಿತ್ತು, ರಿಸರ್ಚ್ ಬೇಕಾಗೂದು ಇಲ್ಲಿ. ದೇಶದ ಟೈಮೂ ಅವರ ಸೀಸಿಯಂ ಪರಮಾಣು ಗಡಿಯಾರದಿಂದನ ಬರೂದು.

ಬಿಐಎಸ್ ಬ್ಯಾರೇನ. ನಮ್ಮ ಹುಬ್ಬಳ್ಳಿ ಬೆಂಗೇರಿಯೊಳಗ ತಯಾರಾಗೂ ಖಾದಿ ರಾಷ್ಟ್ರಧ್ವಜ ತಗೋರಿ, ಅದಕ್ಕ ಬಿಐಎಸ್ ಸ್ಟ್ಯಾಂಡರ್ಡ್ ಐತಿ, ನಂಬರ್ರ ಐಎಸ್ 1. ಬಟ್ಟಿ ಹೆಂಗಿರಬೇಕು, ಬಣ್ಣ ಯಾವ ಛಾಯೆ, 150×100 ಮಿಮೀದಿಂದ 6300×4200 ಮಿಮೀ ತನಕ ಸೈಜ್ ಏನು, ಎಲ್ಲಾ ಅದರಾಗ ಬರದೈತಿ. ಬರಿಯೂದು ಬಿಐಎಸ್, ಆದ್ರ ಮಿಲಿಮೀಟರ್ ಅಂದ್ರ ಎಷ್ಟು ಅನ್ನೂದಕ್ಕ ಎನ್‌ಪಿಎಲ್.

ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಮಂದಿಗೆ ಇದನ್ನ ತಿಳಿಸಿ ಹೇಳೂದ ಬೇಕಾಗಿಲ್ಲ. ಹೊರದೇಶಕ್ಕ ಮಾಲು ಕಳಸಬೇಕಂದ್ರ ಮೈಕ್ರೋಮೀಟರ್ ಅನ್ನೂ ಅಳತಿ ಸಾಧನದ್ದು ಕ್ಯಾಲಿಬ್ರೇಶನ್ (ಅಳತಿ ತಾಳೆ ನೋಡಿದ) ಸರ್ಟಿಫಿಕೇಟ್ ಕೇಳ್ತಾರ, ಅದರಾಗ ಟ್ರೇಸೆಬಿಲಿಟಿ (ಮ್ಯಾಲಿನ ತನಕ ಯಾರು ಯಾರು ಚೆಕ್ ಮಾಡಿದ್ರು ಅನ್ನೂ ಸರಪಳಿ), ಅನ್‌ಸರ್ಟೆನ್ಟಿ (ಅಳತಿ ಎಷ್ಟು ಆಚೆ ಈಚೆ ಇರಬಹುದು ಅನ್ನೂದು) ಎರಡೂ ಇರಬೇಕು, ಅನ್‌ಸರ್ಟೆನ್ಟಿ ಬರೀದ ಸರ್ಟಿಫಿಕೇಟ್ ನನ್ನ ಪ್ರಕಾರ ಚುರುಮುರಿ ಕಟ್ಟಾಕಷ್ಟ ಲಾಯಕ್ಕು. ದೇಶ ದೇಶದ ಲ್ಯಾಬ್‌ಗೋಳು ಒಬ್ಬರ ಅಳತಿ ಇನ್ನೊಬ್ಬರು ಒಪ್ಪತೀವಿ ಅಂತ 1999ರಾಗ ಒಪ್ಪಂದ ಮಾಡ್ಕೊಂಡಾವ, ಎನ್‌ಪಿಎಲ್ಲೂ ಅದರಾಗ ಐತಿ, ಅದಕ್ಕ ಇಲ್ಲಿ ಅಳದದ್ದು ಜರ್ಮನಿಯಾಗೂ ನಡೀತೈತಿ.

ಹಾಂ, ವೋಟ್ ಹಾಕಿದ ಮ್ಯಾಲ ಬೆರಳಿಗೆ ಹಚ್ಚೂ ಅಳಿಯದ ಶಾಯಿನೂ ಎನ್‌ಪಿಎಲ್ಲವರ ಕಂಡುಹಿಡಿದದ್ದು, 1962ರ ಎಲೆಕ್ಷನ್‌ದಿಂದ ತಯಾರಾಗೂದು ನಮ್ಮ ಮೈಸೂರಿನ್ಯಾಗ.

ಇನ್ನ ಪೆಟ್ರೋಲ್ ಕಡಿಮಿ ಹಾಕ್ತಾರ ಅನ್ನೂ ಡೌಟ್ ಇದ್ರ ಎನ್‌ಪಿಎಲ್‌ಗೆ ಬರೀಬ್ಯಾಡ್ರಿ, ಅವರಿಗೆ ದಂಡ ಹಾಕೂ ಅಧಿಕಾರ ಇಲ್ಲ. ಬಂಕಿನ್ಯಾಗ ಸೀಲ್ ಇರೂ 5 ಲೀಟರ್ ಅಳತಿ ಕ್ಯಾನ್ ಇರ್ತೈತಿ, ಅದರಾಗ ಹಾಕಿ ತೋರಸ್ರಿ ಅಂತ ಕೇಳ್ರಿ, ತೋರಸಲೇಬೇಕು. ಇಲ್ಲ ಅಂದ್ರ ಕಾನೂನು ಮಾಪನ ಇಲಾಖೆಗೆ ಕಂಪ್ಲೇಂಟ್ ಕೊಡ್ರಿ, ಬಿಲ್ ಇಟ್ಕೊಂಡಿರ್ರಿ.